ಎಲುಬು ಮುಚ್ಚಿದ ಕಿವಿ

ಸಿರುಗುಪ್ಪದ ಕೆಳಗೆ ಹೊಳೆಯ ದಂಡೆಗುಂಟ ಪಂಪ್‌ಸೆಟ್‌ಗಳ ಸಾಲೇ ಇದೆ. ಹೊಳೆಯಿಂದ ನೀರೆತ್ತಿ ಭತ್ತದ ಗದ್ದೆಗೆ ಹಾಯಿಸುವ ಮೋಟರುಗಳು. ಪ್ರತಿ ಮೋಟರಿನ ಪೈಪಿನ ತುದಿ ನೀರಿನಾಳದಲ್ಲಿ ಮುಳುಗಿರುತ್ತದೆ, ಆ ತುದಿಗೆ ಕಬ್ಬಿಣದ ಜಾಲರಿಯ ಫುಟ್‌ವಾಲ್ವ್ ಇರುತ್ತದೆ. ಪಾಚಿ, ಪ್ಲಾಸ್ಟಿಕ್ ಚೀಲ, ಕೊಳೆತ ಹುಲ್ಲು ಬಂದು ಜಾಲರಿಗೆ ಮೆತ್ತಿಕೊಂಡರೆ ಮೋಟರು ಸುಮ್ಮನೆ ಗುಂಯ್‌ಗುಡುತ್ತದೆಯೇ ಹೊರತು ನೀರು ಬರುವುದಿಲ್ಲ. ಆಗ ಯಾರಾದರೂ ಮುಳುಗಿ ಬಿಡಿಸಬೇಕು. ಮೂವತ್ತೆಂಟು ವರ್ಷ ಆ ಕೆಲಸ ಮಾಡಿದವನು ಹೈದರಸಾಬ.

ಅವನದು ಪಿಂಜಾರರ ಮನೆತನ. ಅಪ್ಪ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ಮಗನಿಗೆ ಆ ಧೂಳು ಸೇರಲಿಲ್ಲ. ಹದಿನಾರನೇ ವಯಸ್ಸಿಗೆ ಹೊಳೆಗಿಳಿದವನು ಐವತ್ನಾಲ್ಕರವರೆಗೂ ಇಳಿಯುತ್ತಲೇ ಇದ್ದ. ಎರಡನೇ ಬೆಳೆಗೆ ನೀರು ಬಿಡುವ ಪುಷ್ಯ, ಮಾಘದ ಚಳಿಯಲ್ಲಿ ಅವನಿಗೆ ಕೈತುಂಬ ಕೆಲಸ. ಹೊತ್ತು ಹುಟ್ಟುವುದರೊಳಗೆ ರೈತರು ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ಉಸಿರು ಹಿಡಿದು ಎರಡಾಳು ಆಳಕ್ಕೆ ಹೋಗಿ, ಕೈಯಿಂದಲೇ ತಡಕಿ ಹುಲ್ಲು ಕಿತ್ತು, ಮೇಲೆ ಬಂದು ಉಸಿರು ತೆಗೆದುಕೊಂಡು, ಮತ್ತೆ ಮುಳುಗಬೇಕು. ಒಂದು ವಾಲ್ವಿಗೆ ಇಪ್ಪತ್ತು ಮುಳುಗು ಬೇಕಾದ ದಿನಗಳೂ ಇದ್ದವು. ದಂಡೆಗೆ ಬಂದು ಗಾಳಿಯಲ್ಲಿ ನಡುಗುತ್ತ ಒಂಟಿ ಕಾಲಿನ ಮೇಲೆ ಕುಪ್ಪಳಿಸಿ ಕಿವಿಯ ನೀರು ಉದುರಿಸುತ್ತಿದ್ದ. ಆಮೇಲೆ ಒಂದು ಬೀಡಿ.

ನಲವತ್ತರ ಆಚೀಚೆ ಕಿವಿಯ ನೀರು ಉದುರುವುದು ನಿಂತಿತು. ಎಷ್ಟು ಕುಪ್ಪಳಿಸಿದರೂ ಒಳಗೇ ಉಳಿದುಬಿಡುತ್ತಿತ್ತು. ಎರಡು ದಿನ, ನಾಲ್ಕು ದಿನ ಕಿವಿ ಕಟ್ಟಿದಂತಿದ್ದು ಆಮೇಲೆ ಬಿಡುತ್ತಿತ್ತು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಬರಬರುತ್ತ ಬಿಡುವ ದಿನಗಳು ಕಡಿಮೆಯಾದವು. ಐವತ್ತು ತುಂಬುವ ಹೊತ್ತಿಗೆ ಹತ್ತಿರ ಬಂದು ಗಂಟಲು ಹರಿದುಕೊಂಡು ಕೂಗಿದರಷ್ಟೇ ಅವನಿಗೆ ಕೇಳುತ್ತಿತ್ತು, ಅದೂ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ.

ಕಿವುಡನೆಂದು ಯಾರಿಗೂ ಹೇಳಿಕೊಳ್ಳಲಿಲ್ಲ. ಹೋಟೆಲಿನಲ್ಲಿ ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ಯಾರಾದರೂ ಏನಾದರೂ ಕೇಳಿದರೆ ‘ಹೂಂ’ ಅನ್ನುತ್ತಿದ್ದ. ಹೂಂ ಅನ್ನಬಾರದ ಕಡೆ ಹೂಂ ಅಂದು ಎರಡು ಸಲ ಜಗಳವಾದ ಮೇಲೆ ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಮನೆಯಲ್ಲಿ ಇದ್ದವರು ಅವನು ಮತ್ತು ಹೆಂಡತಿ ಹುಸೇನ್ ಬೀ. ಮಗಳು ಹುಮೇರಾಳನ್ನು ಕುರುಗೋಡಿಗೆ ಕೊಟ್ಟಿದ್ದರು. ಹುಸೇನ್ ಬೀ ಮಾತುಗಾರ್ತಿ. ಮೊದಲೆಲ್ಲ ಗಂಡ ಉಣ್ಣಲು ಕೂತನೆಂದರೆ ನಳದ ಹತ್ತಿರ ಯಾರು ಯಾರಿಗೆ ಬೈದರು, ಯಾರ ಮನೆಗೆ ಕನ್ಯಾ ನೋಡಲು ಯಾರು ಬಂದಿದ್ದರು, ಬಂದವರು ಅವಲಕ್ಕಿ ತಿಂದರೋ ಬಿಟ್ಟರೋ ಎಲ್ಲವನ್ನೂ ಹೇಳುತ್ತಿದ್ದಳು. ಅದೇ ಮಾತನ್ನು ಮೂರು ಸಲ ಕೂಗಿ ಹೇಳಬೇಕಾದಾಗ ಅದರ ರುಚಿಯೇ ಹೋಯಿತು. ನಾದಿನಿಯ ಮೇಲಿನ ಚಾಡಿಯನ್ನು ಓಣಿಗೆಲ್ಲ ಕೇಳುವ ಹಾಗೆ ಹೇಳುವುದು ಹೇಗೆ? ಒಂದೊಂದಾಗಿ ಎಲ್ಲ ನಿಂತು, ಕೊನೆಗೆ ಉಳಿದದ್ದು ಮೂರೋ ನಾಲ್ಕೋ ಮಾತು. “ಉಣ್ರಿ.” “ಮೋಟರಿನ ಎರ್ರೆಪ್ಪ ಬಂದಾನ.” “ನಾಳಿ ಕುರುಗೋಡಿಗೆ ಹೋಗ್ಬೇಕು.” ಅದನ್ನೂ ಅರ್ಧ ಕೈಸನ್ನೆಯಲ್ಲಿ.

ಒಮ್ಮೆ ತೆಕ್ಕಲಕೋಟೆಯ ಸಂತೆಯಲ್ಲಿ ಕಿವಿ ಸ್ವಚ್ಛ ಮಾಡುವವನೊಬ್ಬ ಅವನನ್ನು ಮರದ ಕೆಳಗೆ ಕೂರಿಸಿಕೊಂಡ. ಸಣ್ಣ ಕಡ್ಡಿ ಹಾಕಿ ಕೆದಕಿದ. ಕಡ್ಡಿ ಒಳಗೆ ಎಲ್ಲೋ ಗಟ್ಟಿಯಾದದ್ದಕ್ಕೆ ತಾಗಿತು, ಹೈದರಸಾಬ ನೋವಿಗೆ ಎದ್ದೇಬಿಟ್ಟ. ಆ ಮನುಷ್ಯ ಅಂಗೈ ತೆರೆದು ತೋರಿಸಿದ. ಜೋಳದಷ್ಟು ದಪ್ಪದ ಎರಡು ಕಲ್ಲು. “ಹೊಳಿ ಕಲ್ಲು ಸಾಬ್ರೆ, ಇನ್ನೂ ಅದಾವು, ಮುಂದಿನ ಸಂತಿಗೆ ಬರ್ರಿ” ಎಂದು ಕಿವಿಯ ಹತ್ತಿರ ಕೂಗಿ ಸನ್ನೆ ಮಾಡಿದ. ಹೈದರಸಾಬ ನಂಬಿದ. ಅಷ್ಟು ವರ್ಷ ಹೊಳೆಯಲ್ಲಿದ್ದವನ ಕಿವಿಯಲ್ಲಿ ಕಲ್ಲು ಸೇರದೆ ಇನ್ನೇನು? ಮೂರು ಸಂತೆ ಹೋದ. ಕಲ್ಲು ಬರುತ್ತಲೇ ಇದ್ದವು, ಕಿವಿ ಮಾತ್ರ ಬಿಡಲಿಲ್ಲ. ನಾಲ್ಕನೇ ಸಲ ರಕ್ತ ಬಂತು, ಕೀವಾಯಿತು, ಒಂದು ತಿಂಗಳು ಒದ್ದಾಡಿದ.

ಆಮೇಲೆ ಹುಸೇನ್ ಬೀ ಯಾರಿಗೂ ಹೇಳದೆ ಬೇರೆ ಊರಿನ ಆಸ್ಪತ್ರೆ ಕ್ಯಾಂಪಿಗೆ ಕರೆದೊಯ್ದು ಕಿವಿಯ ಮಷಿನ್ ಕೊಡಿಸಿದಳು. ಅದು ಕಿವಿಯೊಳಗೆ ಕೂರಲಿಲ್ಲ. ತುರುಕಿದರೆ ಸೀಟಿ ಹೊಡೆದು ಹೊರಗೆ ಬೀಳುತ್ತಿತ್ತು. “ನಿಮ್ಮ ಕಿವಿ ಸಣ್ಣದೈತಿ” ಎಂದರು ಕ್ಯಾಂಪಿನವರು. ಜನ ಬಹಳ ಇದ್ದರು. ಯಾಕೆ ಸಣ್ಣದಾಗಿದೆ ಎಂದು ಒಳಗೆ ದೀಪ ಹಾಕಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಹೊಳೆ ಅವನಿಗೆ ಇನ್ನಷ್ಟು ಹತ್ತಿರವಾಯಿತು. ನೀರಿನೊಳಗೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲವಲ್ಲ. ಕೆಲಸವಿಲ್ಲದ ದಿನವೂ ಹೋಗಿ ದಂಡೆಯಲ್ಲಿ ಕೂರುತ್ತಿದ್ದ.

ಹೊಳೆಯಲ್ಲಿ ಯಾರಾದರೂ ಮುಳುಗಿ ಸತ್ತರೆ ಹೆಣ ತೆಗೆಯುವುದಕ್ಕೂ ಅವನನ್ನೇ ಕರೆಯುತ್ತಿದ್ದರು. ಅದಕ್ಕೆ ಅವನು ಯಾರ ಹತ್ತಿರವೂ ಕೈ ಚಾಚುತ್ತಿರಲಿಲ್ಲ. ತೆಗೆದ ಮೇಲೆ ಆ ವಿಷಯ ಆಡುತ್ತಲೂ ಇರಲಿಲ್ಲ. ನೀರಿನಲ್ಲಿ ಕಂಡದ್ದು ನೀರಿನಲ್ಲೇ ಇರಲಿ ಎಂಬುದು ಅವನ ರೀತಿ.

ಆರು ವರ್ಷದ ಹಿಂದೆ ರಾರಾವಿಯಿಂದ ಕರೆ ಬಂತು. ಉಮಾಪತಿ ಎಂಬ ಇಪ್ಪತ್ತಾರರ ಹುಡುಗ, ಟ್ರ್ಯಾಕ್ಟರ್ ಡ್ರೈವರ್. ಮಧ್ಯಾಹ್ನ ಹೊಳೆಗೆ ಹೋದವನು ತಿರುಗಿ ಬಂದಿರಲಿಲ್ಲ. ದಂಡೆಯಲ್ಲಿ ಅವನ ಅಂಗಿ, ಮೊಬೈಲು, ಚಪ್ಪಲಿ ಇದ್ದವು. ಹೈದರಸಾಬ ಮೂರನೇ ಮುಳುಗಿಗೆ ಅವನನ್ನು ಕಂಡ. ಯಾರೋ ಮೀನಿಗೆ ಕಟ್ಟಿ ಬಿಟ್ಟುಹೋಗಿದ್ದ ನೈಲಾನ್ ಬಲೆ ಹುಡುಗನ ಎಡಗಾಲಿಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಬಿಡಿಸಿಕೊಳ್ಳಲು ಬಗ್ಗಿದವನ ಬೆರಳು ಬಲೆಯ ಕಣ್ಣಿನಲ್ಲಿ ಸಿಕ್ಕಿದ್ದವು. ಹೈದರಸಾಬ ಸೊಂಟದ ಚಾಕು ತೆಗೆದು ಬಲೆ ಕೊಯ್ದು ಹೊಳೆಯ ಪಾಲಿಗೆ ಬಿಟ್ಟು, ಹೆಣವನ್ನು ಮೇಲೆ ತಂದ. ಪೊಲೀಸಿನವರು ತೋರಿಸಿದ ಕಡೆ ಸಹಿ ಹಾಕಿದ. ಹಗ್ಗ ಸುತ್ತಿಕೊಂಡು ಹೊರಟ.

ಆಗ ಹುಡುಗನ ತಾಯಿ ಜಡೆಮ್ಮ ಜನರನ್ನು ಸರಿಸಿಕೊಂಡು ಅವನ ಹಿಂದೆ ಬಂದಳು. “ಯಪ್ಪಾ, ಅವನ ಕಾಲಿಗೆ ಏನಾರ ಸಿಕ್ಕಿತ್ತಾ? ಏನಾರ ಹಿಡಕೊಂಡಿತ್ತಾ ಅವನ್ನ?” ಎಂದು ಕೇಳಿದಳು. ಹೈದರಸಾಬ ನಡೆಯುತ್ತಲೇ ಇದ್ದ. ಅವಳು ಎರಡನೇ ಸಲ ಕೇಳಿದಳು. ಅವನು ತಿರುಗಿ ನೋಡಲಿಲ್ಲ. ಬೈಕಿನ ಹಿಂದೆ ಕೂತು ಹೊರಟುಹೋದ.

ಅವನಿಗೆ ಏನೂ ಕೇಳಿಸಿರಲಿಲ್ಲ. ಆದರೆ ಅದು ಅವಳಿಗೆ ಗೊತ್ತಿರಲಿಲ್ಲ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಬೆಳಗ್ಗೆ ಮಗನಿಗೂ ತಾಯಿಗೂ ಮಾತಿಗೆ ಮಾತು ಬೆಳೆದಿತ್ತು. “ನೀ ಇದ್ರೇನು ಹೋದ್ರೇನು” ಅಂದುಬಿಟ್ಟಿದ್ದಳು. ಈಜು ಬಲ್ಲವನು ಮುಳುಗಿದ್ದಾನೆಂದರೆ ತಾನೇ ಬಿದ್ದಿರಬೇಕು ಎಂದು ಊರು ಪಿಸುಗುಟ್ಟಿತು. ನೀರಿನೊಳಗೆ ಕಂಡವನೊಬ್ಬನೇ ಬಾಯಿ ಬಿಡದೆ ಹೋದದ್ದನ್ನು ನೋಡಿ ಜಡೆಮ್ಮಳೂ ಅದನ್ನೇ ನಂಬಿದಳು.

ಈ ಸುದ್ದಿ ನಾಲ್ಕು ಬಾಯಿ ದಾಟಿ ಸಿರುಗುಪ್ಪಕ್ಕೆ ಬಂತು. ‘ಹೈದರಸಾಬಂದು ಕಲ್ಲೆದಿ’ ಎಂದು ಜನ ಆಡಿಕೊಂಡರು. ಹುಸೇನ್ ಬೀಯ ಕಿವಿಗೂ ಬಿತ್ತು. ಗಂಡನಿಗೆ ಹೇಳಬೇಕೆಂದು ಅವಳು ಎರಡು ಸಲ ಹತ್ತಿರ ಹೋಗಿ ಕೂತಳು. ಸತ್ತ ಹುಡುಗನ ವಿಷಯ, ಅವನ ತಾಯಿಯ ವಿಷಯ, ಅದನ್ನು ಅರಚಿ ಹೇಳುವುದು ಹೇಗೆ? ಅವಳಿಗೆ ಬಾಯಿ ಬರಲಿಲ್ಲ. ಎದ್ದು ಒಲೆಯ ಕಡೆ ಹೋದಳು.

ಹೋದ ವರ್ಷ ಜನವರಿಯಲ್ಲಿ ಎರ್ರೆಪ್ಪನ ಮೋಟರು ಕೈಕೊಟ್ಟಿತು. ಎರ್ರೆಪ್ಪ ಹಳೇ ಗಿರಾಕಿ, ಹೈದರಸಾಬನ ಓರಗೆಯವನು. ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿದ್ದ, ಕರೆಂಟು ಬಂದ ಕೂಡಲೇ ಮೋಟರು ತಾನೇ ಶುರುವಾಗುತ್ತದೆ. ಆಳು ನೀರಿಗಿಳಿಯುವ ಮೊದಲು ಫ್ಯೂಜ್ ಕೀಳಬೇಕು. ಆವತ್ತು ಎರ್ರೆಪ್ಪ ಮರೆತ. ಹೈದರಸಾಬ ಆರನೇ ಸಲ ಮೇಲೆ ಬಂದು ನೀರಿನಿಂದ ತಲೆ ಎತ್ತಿ ಉಸಿರು ತೆಗೆದುಕೊಳ್ಳುತ್ತಿದ್ದಾಗ ಶೆಡ್ಡಿನ ಕೆಂಪು ದೀಪ ಹತ್ತಿಕೊಂಡಿತು.

“ಕರೆಂಟ್ ಬಂತಲೇ! ಮುಳುಗಬ್ಯಾಡ! ಹೈದ್ರಾ, ಮುಳುಗಬ್ಯಾಡ!” ಎಂದು ಎರ್ರೆಪ್ಪ ಹದಿನೈದು ಮಾರು ದೂರದಿಂದ ಕೂಗಿದ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಹೈದರಸಾಬ ಉಸಿರು ತುಂಬಿಕೊಂಡು ಮುಳುಗಿದ.

ಅವನ ಬಲಗೈ ಜಾಲರಿಯ ಮೇಲಿದ್ದಾಗ ಮೋಟರು ಎಳೆಯಿತು. ಅಂಗೈ ಜಾಲರಿಗೆ ಅಂಟಿಕೊಂಡಿತು. ಎಡಗೈಯಿಂದ ಎಳೆದ, ಕಾಲು ಕೊಟ್ಟು ಒದ್ದ, ಬರಲಿಲ್ಲ. ಮುರಿದ ಸರಳೊಂದು ಹಸ್ತದೊಳಗೆ ಇಳಿಯುತ್ತಿತ್ತು. ಎರ್ರೆಪ್ಪ ಶೆಡ್ಡಿಗೆ ಓಡಿ ಫ್ಯೂಜ್ ಕಿತ್ತು ಬರುವಷ್ಟರಲ್ಲಿ ಹೈದರಸಾಬ ನೀರು ಕುಡಿದಿದ್ದ. ಎಳೆದು ದಂಡೆಗೆ ಹಾಕಿದಾಗ ಎರ್ರೆಪ್ಪ ಮಗುವಿನ ಹಾಗೆ ಅಳುತ್ತಿದ್ದ.

“ನಾ ಕೂಗಿದ್ನೆಲ್ಲಲೇ! ಅಷ್ಟು ಕೂಗಿದ್ನೆಲ್ಲ!”

ಹೈದರಸಾಬ ಅವನ ತುಟಿ ನೋಡಿದ. ಆಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದ: “ನನಗ ಕಿವಿ ಕೇಳಂಗಿಲ್ಲೋ ಎರ್ರೆಪ್ಪ.”

ಎರ್ರೆಪ್ಪ ಅವನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಕೈಗೆ ಹನ್ನೊಂದು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ಡಾಕ್ಟರು ಕೇಳಿದ್ದಕ್ಕೆಲ್ಲ ಹೈದರಸಾಬ ‘ಹೂಂ’ ಅಂದದ್ದನ್ನು ಗಮನಿಸಿ, ಕೈಯ ಚೀಟಿಯ ಕೆಳಗೆ ಕಿವಿಯ ವಿಭಾಗಕ್ಕೂ ಬರೆದುಕೊಟ್ಟರು. ಎರ್ರೆಪ್ಪ ಬಿಡಲಿಲ್ಲ. ಮರುವಾರ ತಾನೇ ಹುಸೇನ್ ಬೀಯನ್ನೂ ಹತ್ತಿಸಿಕೊಂಡು ಮತ್ತೆ ಬಳ್ಳಾರಿಗೆ ಬಂದ.

ಕಿವಿ ನೋಡಿದವಳು ಶ್ರೀಕೃತಿ ಎಂಬ ಡಾಕ್ಟರು, ಮೂವತ್ತೈದರ ಹೆಣ್ಣುಮಗಳು. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇದ್ದ ತೆಳ್ಳನೆಯ ಕೊಳವೆಯನ್ನು ಕಿವಿಯ ಬಾಯಿಗೆ ಹಿಡಿದು ಪಕ್ಕದ ಟಿ.ವಿ. ಪರದೆಯ ಕಡೆ ನೋಡಿದಳು. ಪರದೆಯಲ್ಲಿ ಕಿವಿಯ ತಮಟೆ ಕಾಣಬೇಕಿದ್ದ ಕಡೆ ನುಣ್ಣನೆಯ ಮೂರು ಬಿಳೀ ಗುಡ್ಡಗಳು ಒಂದಕ್ಕೊಂದು ತಾಗಿ ನಿಂತಿದ್ದವು. ನಡುವೆ ಸೂಜಿ ಹೋಗುವಷ್ಟು ಸಂದು. ಸಣ್ಣ ಕಡ್ಡಿಯಿಂದ ಒಂದು ಗುಡ್ಡವನ್ನು ಮುಟ್ಟಿದಳು. ಕಲ್ಲಿನಷ್ಟು ಗಟ್ಟಿ. ಹೈದರಸಾಬ ಮುಖ ಹಿಂಡಿದ.

“ಕಲ್ಲು, ಹೊಳಿ ಕಲ್ಲು” ಎಂದ ಅವನೇ.

ಅವಳು ತಲೆ ಅಲ್ಲಾಡಿಸಿದಳು. ಮೇಜಿನಿಂದ ಎರಡು ಕವಲಿನ ಒಂದು ಉಕ್ಕಿನ ಕಡ್ಡಿ ತೆಗೆದು ಮೊಣಕೈಗೆ ಬಡಿದು ಕಿವಿಯ ಮುಂದೆ ಹಿಡಿದಳು. ಹೈದರಸಾಬನಿಗೆ ಏನೂ ಕೇಳಲಿಲ್ಲ. ಮತ್ತೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದಳು.

ಹೈದರಸಾಬ ಕುರ್ಚಿಯಲ್ಲಿ ನೆಟ್ಟಗಾದ. ತಲೆಯೊಳಗೆ ಒಂದು ನಾದ ತುಂಬಿಕೊಂಡಿತ್ತು. ಕಂಚಿನ ತಟ್ಟೆ ಬಡಿದಂಥ, ಸ್ವಚ್ಛವಾದ, ಎಲ್ಲಿಯೂ ಮಸುಕಿಲ್ಲದ ನಾದ. ಅದು ಸಣ್ಣದಾಗುತ್ತ ಹೋದಂತೆ ಅವನು ಡಾಕ್ಟರ ಮಣಿಕಟ್ಟು ಹಿಡಿದುಕೊಂಡ, ತೆಗೆಯಬೇಡಿ ಅನ್ನುವವನ ಹಾಗೆ. ಅವಳು ಇನ್ನೊಂದು ಸಲ ಬಡಿದು ಹಿಡಿದಳು.

ಆಮೇಲೆ ಅವಳು ಹುಸೇನ್ ಬೀಗೂ ಎರ್ರೆಪ್ಪನಿಗೂ ಕೇಳುವಂತೆ ಹೇಳಿದಳು. “ಇವರ ಒಳಗಿನ ಕಿವಿ ಚೆನ್ನಾಗೇ ಇದೆ. ನರ ಹೋಗಿಲ್ಲ. ದಾರಿ ಮುಚ್ಚಿದೆ ಅಷ್ಟೆ. ಮುಚ್ಚಿರೋದು ಕಲ್ಲಲ್ಲ, ಇವರದೇ ಎಲುಬು.”

“ಎಲುಬು ಕಿವ್ಯಾಗ ಬೆಳೀತೈತೇನ್ರಿ?” ಎಂದ ಎರ್ರೆಪ್ಪ.

“ಬೆಳೆಯುತ್ತೆ. ಕಿವಿಯ ಒಳದಾರಿಯಲ್ಲಿ ಎಲುಬಿನ ಮೇಲೆ ಇರೋದು ಬಹಳ ತೆಳು ಚರ್ಮ. ತಣ್ಣೀರು, ತಣ್ಣನೆಯ ಗಾಳಿ ವರ್ಷಗಟ್ಟಲೆ ಅದಕ್ಕೆ ಬಡಿದರೆ ಕೆಳಗಿನ ಎಲುಬು ಪದರ ಪದರವಾಗಿ ಉಬ್ಬುತ್ತಾ ಬರುತ್ತೆ. ಚಳಿ ದೇಶದ ಸಮುದ್ರದಲ್ಲಿ ಮುಳುಗೋರಿಗೆ ಬರುತ್ತೆ ಅಂತ ಓದಿದ್ದೆ. ನಮ್ಮ ಕಡೆ ನಾನು ನೋಡ್ತಿರೋದು ಇದೇ ಮೊದಲು. ಇವರು ಎಷ್ಟು ವರ್ಷ ನೀರಲ್ಲಿದ್ದಾರೆ?”

ಹುಸೇನ್ ಬೀ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಹೈದರಸಾಬನ ಮುಖ ನೋಡಿದಳು.

ಸಿ.ಟಿ. ಸ್ಕ್ಯಾನ್ ಆಯಿತು. ಚಿತ್ರದಲ್ಲಿ ಎರಡೂ ಕಿವಿಯ ದಾರಿ ಬೆಳ್ಳಗೆ ಮುಚ್ಚಿದ್ದು ಕಂಡಿತು. ಇದು ಗಡ್ಡೆಯಲ್ಲ, ಕ್ಯಾನ್ಸರ್ ಅಲ್ಲ, ಆದರೆ ಔಷಧಿಯಿಂದ ಕರಗುವುದೂ ಅಲ್ಲ ಎಂದಳು ಶ್ರೀಕೃತಿ. ಕಿವಿಯ ಹಿಂದೆ ಕೊಯ್ದು, ಚರ್ಮ ಬಿಡಿಸಿ, ಸಣ್ಣ ಡ್ರಿಲ್ಲಿನಿಂದ ಎಲುಬನ್ನು ತೇಯ್ದು ತೆಗೆಯಬೇಕು. ಪಕ್ಕದಲ್ಲೇ ಮುಖದ ನರ ಹಾದುಹೋಗುತ್ತದೆ, ಹಿಂದೆಯೇ ತಮಟೆ ಇದೆ. ಅಪಾಯ ಇಲ್ಲವೆಂದು ಹೇಳಲಾರೆ, ನಿಧಾನವಾಗಿ ಮಾಡುತ್ತೇನೆ. ಮೊದಲು ಬಲಗಿವಿ. ಅದು ಪೂರ್ತಿ ಮಾಗಿದ ಮೇಲೆ ಎಡಗಿವಿ. ಆಮೇಲೆ ಹೊಳೆಗೆ ಇಳಿಯುವ ಹಾಗಿಲ್ಲ. ಇಳಿದರೆ ಎಲುಬು ಮತ್ತೆ ಬೆಳೆಯುತ್ತದೆ.

ಕೊನೆಯ ಮಾತನ್ನು ಅವಳು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹೈದರಸಾಬನ ಕೈಗೆ ಕೊಟ್ಟಳು. ಅವನು ನಾಲ್ಕನೇ ಇಯತ್ತೆ ಓದಿದವನು, ಬೆರಳಿಟ್ಟು ಓದಿದ. ಓದಿ ಮಡಚಿ ಜೇಬಿಗಿಟ್ಟುಕೊಂಡ.

“ವಿಚಾರ ಮಾಡ್ತೀನ್ರಿ ಡಾಕ್ಟರಮ್ಮ” ಎಂದು ಹೊರಗೆ ಬಂದುಬಿಟ್ಟ.

ಎರಡು ತಿಂಗಳು ವಿಚಾರ ಮಾಡಿದ. ಹುಸೇನ್ ಬೀ ಏನೂ ಹೇಳಲಿಲ್ಲ, ಹೇಳಲು ಕೂಗಬೇಕಿತ್ತು. ಹೊಳೆ ಬಿಟ್ಟರೆ ತಾನು ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ತಲೆ ತುಂಬಿದ್ದ ಆ ನಾದ ಅವನನ್ನು ಬಿಡಲಿಲ್ಲ. ಒಂದು ದಿನ ಹೆಂಡತಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ಪಕ್ಕದ ಮನೆಯ ದೊಡ್ಡಬಸಮ್ಮನ ಜೊತೆ ಮಾತಾಡುತ್ತಿದ್ದಳು. ಅವಳ ತುಟಿ ಆಡುವುದು, ಕೈ ತಿರುಗುವುದು, ದೊಡ್ಡಬಸಮ್ಮ ಬಾಯಿಗೆ ಸೆರಗು ಹಿಡಿದು ನಗುವುದು ಎಲ್ಲ ಅವನಿಗೆ ಕಂಡಿತು. ತನ್ನ ಹೆಂಡತಿ ಹೀಗೆ ನಗಿಸುತ್ತಾಳೆಂಬುದೇ ಮರೆತುಹೋಗಿತ್ತು. ಮರುದಿನ ಎರ್ರೆಪ್ಪನ ಮನೆಗೆ ಹೋಗಿ “ಬಳ್ಳಾರಿಗೆ ನಡಿ” ಎಂದ.

ಆಪರೇಷನ್ ನಾಲ್ಕು ತಾಸು ಹಿಡಿಯಿತು. ಎಚ್ಚರಾದಾಗ ತಲೆಗೆ ಪಟ್ಟಿ, ಕಿವಿ ತುಂಬ ಔಷಧಿಯ ಬಟ್ಟೆ. ಶ್ರೀಕೃತಿ ನಗಲು ಸನ್ನೆ ಮಾಡಿದಳು. ಅವನು ಹಲ್ಲು ತೋರಿಸಿದ. ತುಟಿಯ ಎರಡೂ ಬದಿ ಸಮನಾಗಿ ಎದ್ದವು. ಮುಖದ ನರಕ್ಕೆ ಏನೂ ಆಗಿರಲಿಲ್ಲ.

ಪಟ್ಟಿ ಬದಲಿಸಲು ಮೇಲಿಂದ ಮೇಲೆ ಬರಬೇಕಾಗಿತ್ತು. ಕುರುಗೋಡು ಬಳ್ಳಾರಿಗೆ ಹತ್ತಿರ. ಹಾಗಾಗಿ ಮಗಳ ಮನೆಯಲ್ಲಿ ಉಳಿದರು. ಅಳಿಯ ಕೈಸರ್ ಬಸ್‌ಸ್ಟ್ಯಾಂಡಿನ ಹತ್ತಿರ ಬೀಗ, ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದ. ಒಳ್ಳೆಯವನೇ.

ಹದಿನಾಲ್ಕನೇ ದಿನ ಕಿವಿಯ ಬಟ್ಟೆ ತೆಗೆದರು. ತೆಗೆಯುತ್ತಿದ್ದಂತೆ ಸದ್ದು ಒಟ್ಟಿಗೇ ನುಗ್ಗಿತು. ಫ್ಯಾನು, ಸ್ಟೀಲಿನ ತಟ್ಟೆಯಲ್ಲಿ ಇಕ್ಕಳ ಬಿದ್ದದ್ದು, ಹೊರಗೆ ಯಾರದೋ ಚಪ್ಪಲಿ, ತನ್ನದೇ ಉಸಿರು. ಹೈದರಸಾಬ ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದುಕೊಂಡ.

“ಕೇಳಾಕತ್ತೈತೇನ್ರೀ?” ಎಂದು ಪಕ್ಕದಲ್ಲಿದ್ದ ಹುಸೇನ್ ಬೀ ಕೂಗಿದಳು.

ಅವನು ತಿರುಗಿ ನೋಡಿದ. ಯಾರೋ ಬೇರೆ ಹೆಂಗಸು ಕೂಗಿದಳು ಅಂದುಕೊಂಡಿದ್ದ. ಅವನ ನೆನಪಿನಲ್ಲಿದ್ದದ್ದು ತೆಳ್ಳನೆಯ, ಸ್ವಲ್ಪ ಮೂಗಿನಿಂದ ಬರುವ ದನಿ. ಇದು ಒಡೆದು ಗೊಗ್ಗರಾದ ಮುದುಕಿಯ ದನಿ. ಹತ್ತು ಹನ್ನೆರಡು ವರ್ಷ ತನಗಾಗಿ ಕೂಗಿ ಕೂಗಿ ಹಾಗಾಗಿದೆ ಎಂದು ಅವನಿಗೆ ಕೂಡಲೇ ಹೊಳೆಯಿತು.

“ಕೇಳಾಕತ್ತೈತಿ. ಕೂಗಬ್ಯಾಡ” ಎಂದ ಮೆಲ್ಲಗೆ.

“ಎಲ್ಲಿ ಕೂಗಾಕತ್ತೀನ್ರಿ?” ಎಂದು ಅವಳು ಅಷ್ಟೇ ಜೋರಾಗಿ ಕೂಗಿದಳು. ನರ್ಸು ನಕ್ಕಳು. ಹುಸೇನ್ ಬೀ ನಾಚಿ ಬಾಯಿ ಮುಚ್ಚಿಕೊಂಡಳು. ಕುರುಗೋಡು ಮುಟ್ಟುವವರೆಗೂ ಮಾತಾಡಲಿಲ್ಲ.

ಕಿವಿ ಬಂದರೆ ಎಲ್ಲ ಬರುತ್ತದೆ ಅಂದುಕೊಂಡಿದ್ದ ಹೈದರಸಾಬ. ಮಗಳ ಮನೆಯಲ್ಲಿ ದಿನವಿಡೀ ಮಾತು ನಡೆಯುತ್ತಿತ್ತು, ಅವನೊಬ್ಬನನ್ನು ಬಿಟ್ಟು. ಯಾರಿಗೂ ಅವನೊಡನೆ ಮಾತಾಡುವ ರೂಢಿಯೇ ಇರಲಿಲ್ಲ. ಹುಮೇರಾ ತಟ್ಟೆ ತಂದು ಮುಂದಿಟ್ಟು ಕೈಯಿಂದ ಉಣ್ಣುವ ಸನ್ನೆ ಮಾಡಿ ಹೋಗುತ್ತಿದ್ದಳು. “ಕೇಳತೈತವ್ವಾ ನನಗ” ಅಂದರೆ “ಹೌದಲ್ಲ, ಮರ್ತೇಬಿಟ್ಟೆ ಅಪ್ಪಾ” ಎನ್ನುತ್ತಿದ್ದಳು. ಮತ್ತೆ ಸಂಜೆಗೆ ಅದೇ ಸನ್ನೆ. ಅವನಾಗಿಯೇ ಮಾತು ತೆಗೆಯೋಣವೆಂದರೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಅವರು ಹೇಳುವ ಹೆಸರುಗಳು, ನಗುವ ವಿಷಯಗಳು ಯಾವುದೂ ಅವನಿಗೆ ಗೊತ್ತಿಲ್ಲ. ನಾಟಕದ ಅರ್ಧಕ್ಕೆ ಬಂದು ಕೂತವನ ಹಾಗೆ ಗೋಡೆಗೊರಗಿ ಕೂರುತ್ತಿದ್ದ.

ಹೀಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಅಡುಗೆಮನೆಯಿಂದ ಹುಸೇನ್ ಬೀಯ ಮಾತು ಕೇಳಿಸಿತು. ಹೊರಗೆ ಕೂತ ಗಂಡನಿಗೆ ಕೇಳಿಸುತ್ತದೆಂಬುದು ಅವಳಿಗೂ ಮರೆತಿತ್ತು. ಮಗಳಿಗೆ ಹೇಳುತ್ತಿದ್ದಳು.

“…ಆ ರಾರಾವಿ ಜಡೆಮ್ಮ ಇನ್ನೂ ಹೊಳಿ ಕಡಿ ಮುಖ ಮಾಡಿ ನೀರು ಕುಡಿಯಂಗಿಲ್ಲಂತ. ನನ್ನ ಬಾಯೇ ಮಗನ್ನ ತಿಂತು ಅಂತಾಳಂತ. ನಿಮ್ಮಪ್ಪನ್ನ ಎರಡು ಸಲ ಕೇಳಿದ್ಲಂತ, ಕಾಲಿಗೆ ಏನಾರ ಸಿಕ್ಕಿತ್ತಾ ಅಂತ. ಇವರಿಗೆ ಕೇಳ್ಸಿಲ್ಲ. ಕೇಳ್ಸಿಲ್ಲ ಅಂತ ನಾ ಯಾರ್ಯಾರಿಗೆ ಹೇಳ್ಲಿ?”

ಹೈದರಸಾಬ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. “ಏನು ಕೇಳಿದ್ಲು?” ಎಂದ.

ತಾಯಿ ಮಗಳು ಇಬ್ಬರೂ ಗರಬಡಿದವರ ಹಾಗೆ ನೋಡಿದರು.

“ಜಡೆಮ್ಮ ನನ್ನ ಏನು ಕೇಳಿದ್ಲು? ಇನ್ನೊಮ್ಮೆ ಹೇಳು. ನಿಧಾನ ಹೇಳು.”

ಹುಸೇನ್ ಬೀ ಹೇಳಿದಳು. ಬೆಳಗಿನ ಜಗಳ, ಊರಿನ ಪಿಸುಮಾತು, ಕಲ್ಲೆದೆಯವನೆಂಬ ಹೆಸರು, ಎಲ್ಲವನ್ನೂ. ಆ ದಿನ ಮೊದಲ ಸಲ ಅವಳ ದನಿ ತಗ್ಗಿತ್ತು. ಹೈದರಸಾಬ ನಿಂತೇ ಕೇಳಿದ. ಕೇಳಿ ಮುಗಿದ ಮೇಲೆ “ಮೀನಿನ ಬಲಿ ಇತ್ತು” ಎಂದ. “ಬಲಿ ಸುತ್ಕೊಂಡಿತ್ತು. ನಾನೇ ಕೊಯ್ದೆ.” ಆಮೇಲೆ ಹೆಂಡತಿಯ ಕಡೆ ನೋಡಿ, “ಐದು ವರ್ಷ ನನಗ ಹೇಳಲಿಲ್ಲಲ್ಲ ನೀನು” ಎಂದ.

“ಹೆಂಗ ಹೇಳ್ಲಿ? ಅದು ಕೂಗಿ ಹೇಳೋ ಮಾತಾ?” ಎಂದು ಹುಸೇನ್ ಬೀ ಅತ್ತುಬಿಟ್ಟಳು.

ಗಾಯ ಪೂರ್ತಿ ಮಾಗುವ ಮೊದಲೇ, ಕಿವಿಗೆ ಹತ್ತಿ ಇಟ್ಟುಕೊಂಡು, ಅವನು ಒಬ್ಬನೇ ರಾರಾವಿಗೆ ಹೋದ. ಕೈಸರ್ ಬೈಕಿನಲ್ಲಿ ಬಿಡುತ್ತೇನೆಂದ, ಬೇಡವೆಂದ. ಎರಡು ಬಸ್ಸು ಬದಲಿಸಿ ಊರು ಮುಟ್ಟಿ, ಮನೆ ಕೇಳಿಕೊಂಡು ಹೋದಾಗ ಜಡೆಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವನನ್ನು ಕಂಡು ಗುರುತು ಹಿಡಿದಳು. ಕೈ ನಿಂತಿತು.

“ಯವ್ವಾ, ನಾ ಹೈದರಸಾಬ. ನನಗ ಆವತ್ತು ಕಿವಿ ಕೇಳ್ತಿದ್ದಿಲ್ಲ. ನೀ ಕೇಳಿದ್ದು ನನಗ ಮೊನ್ನಿ ಗೊತ್ತಾತು. ನಿನ್ನ ಮಗ ತಾನಾಗಿ ಬೀಳಲಿಲ್ಲ. ಬಲಿ ಸಿಕ್ಕಿತ್ತು ಕಾಲಿಗೆ.”

ಜಡೆಮ್ಮ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. “ಯಾವ ಕಾಲಿಗೆ?” ಎಂದಳು.

“ಎಡಗಾಲಿಗೆ. ಮೂರು ಸುತ್ತು.”

“ಬಿಡಿಸ್ಕೊಳ್ಳಾಕ ನೋಡಿದ್ನಾ?”

“ನೋಡಿದ್ದ. ಬೆರಳು ಬಲ್ಯಾಗ ಸಿಕ್ಕಿದ್ದವು. ಮ್ಯಾಲೆ ಬರಾಕ ಬಾಳ ನೋಡ್ಯಾನ ಯವ್ವಾ.”

ಅವಳು ತನ್ನ ಎಡಗಾಲನ್ನು ನೋಡಿಕೊಂಡಳು. “ಇನ್ನೊಮ್ಮೆ ಹೇಳು” ಎಂದಳು. ಅವನು ಇನ್ನೊಮ್ಮೆ ಹೇಳಿದ. ಮೂರನೇ ಸಲವೂ ಹೇಳಿಸಿದಳು. ಮೂರನೇ ಸಲ ಮುಗಿದಾಗ ಎದ್ದು ನಿಂತು, “ಆವತ್ತೇ ಹೇಳಿದ್ರ…” ಎಂದು ನಿಲ್ಲಿಸಿದಳು. ಬೈಯುತ್ತಾಳೆಂದು ಅವನು ಕಾದ. ಬೈಯಲಿಲ್ಲ. “ಚಾ ಕುಡದು ಹೋಗು ಅನ್ನಾಕೂ ನನಗೀಗ ಆಗವಲ್ದು. ತಪ್ಪು ತಿಳಕಾಬ್ಯಾಡ” ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಒಳಗಿನಿಂದ ಅವಳು ಅತ್ತದ್ದು ಅವನಿಗೆ ಕೇಳಿಸಿತು. ಅಳು ನಿಲ್ಲುವವರೆಗೂ ಬೀದಿಯ ಆಚೆ ಬದಿ ನಿಂತಿದ್ದ. ಆಮೇಲೆ ಬಸ್ಸಿನ ಕಡೆ ನಡೆದ.

ಈಗ ಹೈದರಸಾಬ ಸಿರುಗುಪ್ಪದ ಒಂದು ರೈಸ್‌ಮಿಲ್ಲಿನ ಗೇಟಿನಲ್ಲಿ ಕೂರುತ್ತಾನೆ. ಬರುವ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ. ರೈತರಿಗೆ ಮುಳುಗುವವರು ಬೇರೆ ಸಿಕ್ಕಿದ್ದಾರೆ. ಎರ್ರೆಪ್ಪ ಒಬ್ಬ ಆಗಾಗ ಬಂದು ಪಕ್ಕದಲ್ಲಿ ಕೂತು ಹೋಗುತ್ತಾನೆ. ಹುಸೇನ್ ಬೀ ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಕಲಿಯುತ್ತಿದ್ದಾಳೆ, ಅರ್ಧ ಮಾತು ಸಣ್ಣದಾಗಿ ಬಂದು ಅರ್ಧ ಕೂಗಾಗುತ್ತದೆ. ಹೊಳೆಯ ಕಡೆ ಅವನು ಹೋಗುವುದಿಲ್ಲ. ಎಡಗಿವಿ ಇನ್ನೂ ಮುಚ್ಚಿದೆ, ದೀಪಾವಳಿ ಮುಗಿಯಲಿ ಎಂದಿದ್ದಾನೆ.

ಹೋದ ತಿಂಗಳು ತೋರಿಸಲು ಒಬ್ಬನೇ ಬಳ್ಳಾರಿಗೆ ಹೋಗಿದ್ದ. ಶ್ರೀಕೃತಿ ಬಲಗಿವಿಯೊಳಗೆ ದೀಪ ಹಿಡಿದು ಪರದೆಯನ್ನು ಅವನ ಕಡೆ ತಿರುಗಿಸಿದಳು. ಗುಡ್ಡಗಳಿರಲಿಲ್ಲ. ಅಗಲವಾದ ದಾರಿ, ಅದರ ಕೊನೆಗೆ ಮುತ್ತಿನ ಬಣ್ಣದ ತಮಟೆ. “ಚೆನ್ನಾಗಿದೆ ಹೈದರಸಾಬ್ರೆ” ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವನ ಬಲಕ್ಕೆ ಕೂತ ಹೆಂಗಸು ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳ ನಾದಿನಿ ಹೆತ್ತಿದ್ದಳು, ಗಂಡು ಕೂಸು, ಆದರೆ ಮೂರು ದಿನದಿಂದ ಜ್ವರ. ಹಾಲು ಕುಡಿಯುತ್ತಿಲ್ಲ. ಬಳ್ಳಾರಿಗೆ ಕರೆತರುವುದೋ ಬೇಡವೋ ಎಂದು ಮನೆಯಲ್ಲಿ ವಾದ. ಹೈದರಸಾಬ ಒಂದು ಮಾತೂ ಬಿಡದೆ ಕೇಳಿದ. ತೆಕ್ಕಲಕೋಟೆ ಬಂದಾಗ ಅವಳು ಫೋನು ಕಿವಿಗೆ ಹಿಡಿದುಕೊಂಡೇ ಇಳಿದುಹೋದಳು. ಬಸ್ಸು ಹೊರಟಿತು. ಕೂಸು ಹೇಗಿದೆಯೋ ಎಂದು ಅವನು ಸಿರುಗುಪ್ಪದವರೆಗೂ ಖಾಲಿ ಸೀಟಿನ ಪಕ್ಕ ಕೂತು ಯೋಚಿಸುತ್ತಿದ್ದ.